ಅಂಗಾಲು ನೋಡಿಕೊಂಡು ಎಷ್ಟು ದಿನವಾಯಿತು?

ಹೋದ ಸಂಚಿಕೆಯಲ್ಲಿ ಬಂಗಿನ ಬಗ್ಗೆ ಬರೆಯುವಾಗ ಚರ್ಮದ ಕ್ಯಾನ್ಸರ್ ಎಂಬ ಮಾತು ಒಂದೇ ಒಂದು ಸಾಲಿನಲ್ಲಿ ಬಂದಿತ್ತು. ಅದಕ್ಕೇ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಮುಕ್ಕಾಲು ಪಾಲು ಪತ್ರಗಳು ಮುಖದ ಮಚ್ಚೆಯ ಬಗ್ಗೆ. ಅಂಗಾಲಿನ ಕಲೆಯ ಬಗ್ಗೆ ಬರೆದವರು ಒಬ್ಬರೇ. ನನಗೆ ಗಾಬರಿಯಾದದ್ದು ಆ ಒಂದು ಪತ್ರ ಓದಿ. ಹಾಗಾಗಿ ಅದೇ ಮೊದಲು.

ಪ್ರಶ್ನೆ: ನನ್ನ ಅಪ್ಪಯ್ಯನಿಗೆ 67 ವರ್ಷ. ಹಿಮ್ಮಡಿ ಹತ್ತಿರ ಒಂದು ಕಪ್ಪು ಕಲೆ ಇದೆ. ತೋಟದಲ್ಲಿ ಮುಳ್ಳು ಚುಚ್ಚಿ ಒಳಗೇ ಉಳಿದಿದೆ ಅನ್ನುತ್ತಾರೆ. ವರ್ಷದ ಹಿಂದೆ ಕಾಳುಮೆಣಸಿನಷ್ಟಿತ್ತು, ಈಗ ಒಂದು ರೂಪಾಯಿ ನಾಣ್ಯದಷ್ಟಾಗಿದೆ. ಒಂದು ಬದಿಯಲ್ಲಿ ನೀರು ಒಸರುತ್ತದೆ. ನೋವಿಲ್ಲ. ಆಣಿ ಇರಬಹುದೆಂದು ಮೆಡಿಕಲ್ ಶಾಪಿನಿಂದ ಪಟ್ಟಿ ತಂದು ಹಾಕುತ್ತಿದ್ದಾರೆ.
(ತೀರ್ಥಹಳ್ಳಿ ಕಡೆಯ ಓದುಗರು)

ಉತ್ತರ: ಪತ್ರದಲ್ಲಿ ಫೋನ್ ನಂಬರ್ ಬರೆದದ್ದು ಒಳ್ಳೆಯದಾಯಿತು. ಪತ್ರಿಕೆ ಅಚ್ಚಾಗುವ ತನಕ ಕಾಯದೆ ಅವತ್ತೇ ಸಂಜೆ ನಿಮಗೆ ಫೋನ್ ಮಾಡಿ, ತಡ ಮಾಡದೆ ಬಯಾಪ್ಸಿ (ಕಲೆಯ ಒಂದು ಚೂರು ತೆಗೆದು ಮಾಡುವ ಪರೀಕ್ಷೆ) ಮಾಡಿಸಲು ಹೇಳಿದ್ದೇನೆ. ಇಲ್ಲಿ ಬರೆಯುತ್ತಿರುವುದು ಉಳಿದವರಿಗಾಗಿ.

ಮುಳ್ಳು ಒಳಗೆ ಉಳಿದರೆ ಸುಮ್ನೆ ಕೂರುವುದಿಲ್ಲ. ನೋಯುತ್ತದೆ, ಕೀವು ತುಂಬುತ್ತದೆ, ಹೊರಗೆ ಬರುತ್ತದೆ. ಇಲ್ಲವಾದರೆ ಸುತ್ತ ಗಂಟು ಕಟ್ಟಿಕೊಂಡು ಅಷ್ಟಕ್ಕೇ ನಿಲ್ಲುತ್ತದೆ. ಆಣಿಯನ್ನು ಒತ್ತಿದರೆ ಜೀವ ಹೋದಂತಾಗುತ್ತದೆ. ನೋವೇ ಇಲ್ಲದೆ ವರ್ಷವಿಡೀ ಹರಡುತ್ತಾ ಕಾಳಿನಿಂದ ನಾಣ್ಯದಷ್ಟಾದ ಕಪ್ಪು ಕಲೆಯ ಲಕ್ಷಣ ಈ ಎರಡಕ್ಕೂ ಹೊಂದುವುದಿಲ್ಲ. ಪರೀಕ್ಷೆಯಲ್ಲಿ ಬೇರೇನೋ ಎಂದು ಗೊತ್ತಾಗುವ ತನಕ ಅದನ್ನು ಮೆಲನೋಮ ಎಂದೇ ಇಟ್ಟುಕೊಂಡು ಓಡಾಡಬೇಕು.

ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್ ಇದು. ಬಿಳಿಯರಿಗೆ ಬೆನ್ನಲ್ಲಿ, ಕಾಲಲ್ಲಿ, ಬಿಸಿಲು ತಿಂದ ಕಡೆಯೆಲ್ಲ ಬರುತ್ತದೆ. ನಮ್ಮಂಥ ಕಂದು ಮೈಯವರಿಗೆ ಅಪರೂಪ. ಬಂದರೆ ಹೆಚ್ಚಾಗಿ ಅಂಗಾಲಲ್ಲಿ, ಅಂಗೈಯಲ್ಲಿ, ಉಗುರಿನ ಅಡಿಯಲ್ಲಿ. ಅಲ್ಲಿ ಬಿಸಿಲೇ ಬೀಳುವುದಿಲ್ಲ, ಅಲ್ವಾ? ಹಾಗಾಗಿ 'ನಾನು ಬಿಸಿಲಿಗೆ ಹೋಗುವುದೇ ಇಲ್ಲ' ಎಂಬ ಧೈರ್ಯ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅಪರೂಪವೆಂದು ಯಾರೂ ನೋಡಿಕೊಳ್ಳುವುದಿಲ್ಲ, ನೋವಿಲ್ಲವೆಂದು ಯಾರೂ ತೋರಿಸುವುದಿಲ್ಲ. ನಮ್ಮಲ್ಲಿ ಇದು ಕೈಮೀರುವುದು ಹೀಗೆ.

ಜಮೈಕಾದ ಗಾಯಕ ಬಾಬ್ ಮಾರ್ಲೆಯ ಹೆಸರು ಕೇಳಿರುತ್ತೀರಿ. ಅವರ ಕಾಲಿನ ಹೆಬ್ಬೆರಳ ಉಗುರಿನ ಅಡಿ ಬಂದದ್ದು ಇದೇ ಮೆಲನೋಮ. ಫುಟ್‌ಬಾಲ್ ಆಡುವಾಗ ಆದ ಪೆಟ್ಟು ಅಂದುಕೊಂಡಿದ್ದರು. ರೋಗ ಗೊತ್ತಾದದ್ದು 1977ರಲ್ಲಿ, ತೀರಿಕೊಂಡದ್ದು 1981ರಲ್ಲಿ, 36ನೇ ವಯಸ್ಸಿಗೆ.

ಉಗುರಿನ ವಿಷಯ ಬಂತು, ಒಂದು ಮಾತು ಹೇಳಿಬಿಡುತ್ತೇನೆ. ನಮ್ಮವರ ಉಗುರುಗಳಲ್ಲಿ ಉದ್ದಕ್ಕೆ ಕಂದು ಗೆರೆ ಇರುವುದು ಸಾಮಾನ್ಯ. ನಾಲ್ಕಾರು ಬೆರಳಲ್ಲಿ ಇದ್ದರೆ ಚಿಂತೆ ಬೇಡ. ಒಂದೇ ಬೆರಳಲ್ಲಿ, ಅದರಲ್ಲೂ ಹೆಬ್ಬೆರಳಲ್ಲಿ, ದೊಡ್ಡವರಾದ ಮೇಲೆ ಹೊಸದಾಗಿ ಗೆರೆ ಬಂದು ಅಗಲವಾಗುತ್ತಾ ಹೋದರೆ ತೋರಿಸಿ. ಕಪ್ಪು ಬಣ್ಣ ಉಗುರು ದಾಟಿ ಪಕ್ಕದ ಚರ್ಮಕ್ಕೆ ಹಬ್ಬಿದರೆ ಅದೇ ವಾರ ತೋರಿಸಿ. ಮೆಲನೋಮದಲ್ಲಿ ಎಲ್ಲ ಲೆಕ್ಕವೂ ಆಳದ್ದು. ಒಂದು ಮಿಲಿಮೀಟರ್ ಒಳಗೆ ಇರುವಾಗಲೇ ಕತ್ತರಿಸಿ ತೆಗೆದರೆ ಹೆಚ್ಚಿನವರು ಗುಣವಾಗುತ್ತಾರೆ.

ಪ್ರಶ್ನೆ: ನನಗೆ 44 ವರ್ಷ. ಕೆನ್ನೆಯ ಮೇಲೆ ಹುಟ್ಟಿನಿಂದ ಒಂದು ಮಚ್ಚೆ. ಈಗ ಎರಡು ವರ್ಷದಿಂದ ಕಣ್ಣಿನ ಸುತ್ತ, ಕೆನ್ನೆ ಮೇಲೆ ಸಣ್ಣ ಸಣ್ಣ ಕಪ್ಪು ಕಾಳುಗಳು ಏಳುತ್ತಿವೆ. ಮೊಬೈಲಿನಲ್ಲಿ ಓದಿದಾಗಿನಿಂದ ರಾತ್ರಿ ನಿದ್ದೆ ಇಲ್ಲ. ನಮ್ಮ ಓರಗಿತ್ತಿ ಸುಣ್ಣ, ಸೋಡಾ ಹಚ್ಚಿದರೆ ಉದುರುತ್ತವೆ ಅನ್ನುತ್ತಾರೆ.
(ಹೊಸನಗರದ ಗೃಹಿಣಿ)

ಉತ್ತರ: ಮೊದಲು ನಿದ್ದೆ ಮಾಡಿ. ಆ ಸಣ್ಣ ಕಾಳುಗಳು ವಯಸ್ಸಿಗೆ, ಮನೆತನಕ್ಕೆ ಬರುವಂಥವು. ನಿಮ್ಮ ತಾಯಿಗೂ ಇತ್ತಾ, ನೆನಪು ಮಾಡಿಕೊಳ್ಳಿ. ಅವು ಕ್ಯಾನ್ಸರ್ ಆಗುವುದಿಲ್ಲ. ಚಂದಕ್ಕೆ ಬೇಕಾದರೆ ತೆಗೆಸಬಹುದು, ಇಲ್ಲದಿದ್ದರೆ ಇರಲಿ. ಹುಟ್ಟಿನಿಂದ ಇರುವ ಮಚ್ಚೆಯೂ ಹಾಗೇ ಇದ್ದರೆ ಹಾಗೇ ಇರಲಿ. ಆಕಾರ ಕೆಟ್ಟು, ಒಂದರಲ್ಲೇ ಎರಡು ಮೂರು ಬಣ್ಣ ಬಂದು, ಅಂಚು ಹರಿದಂತಾಗಿ, ತಿಂಗಳಿಂದ ತಿಂಗಳಿಗೆ ಬೆಳೆದರೆ ಆಗ ಬನ್ನಿ.

ಸುಣ್ಣ ಮಾತ್ರ ಬೇಡವೇ ಬೇಡ. ಸುಣ್ಣ ಹಚ್ಚಿಕೊಂಡು ಕೆನ್ನೆ ಸುಟ್ಟುಕೊಂಡು ಬಂದವರು ನನ್ನ ಕ್ಲಿನಿಕ್ಕಿನಲ್ಲಿ ಮಳೆಗಾಲ ಬೇಸಿಗೆ ಎನ್ನದೆ ಸಿಗುತ್ತಾರೆ. ಮಚ್ಚೆ ಹೋಗಿರುತ್ತದೆ, ಅದರ ಎರಡರಷ್ಟು ಕಲೆ ಉಳಿದಿರುತ್ತದೆ. ಇನ್ನೂ ದೊಡ್ಡ ತೊಂದರೆ ಏನೆಂದರೆ, ಅದು ನಿಜಕ್ಕೂ ಕೆಟ್ಟ ಮಚ್ಚೆಯಾಗಿದ್ದರೆ ಮೇಲಿನದು ಸುಟ್ಟು ಒಳಗಿನದು ಉಳಿಯುತ್ತದೆ. ಪರೀಕ್ಷೆಗೆ ಕಳಿಸಲು ಏನೂ ಇರುವುದಿಲ್ಲ.

ಮುಖದ ಮೇಲೆ ನಾನು ಹುಡುಕುವುದು ಬೇರೆಯದನ್ನು. ಅರವತ್ತು ದಾಟಿದವರಲ್ಲಿ, ಮೂಗಿನ ಪಕ್ಕ, ಕಣ್ಣಿನ ಕೆಳಗೆ ಒಂದು ಗುಳ್ಳೆ. ಅಂಚಿಗೆ ಮುತ್ತಿನ ಹಾಗೆ ಮಿಣಮಿಣ ಹೊಳಪು. ಮುಖ ಒರೆಸುವಾಗ ಟವೆಲ್ ತಾಗಿ ರಕ್ತ ಬರುತ್ತದೆ, ಹಕ್ಕಳೆ ಕಟ್ಟುತ್ತದೆ, ವಾಸಿಯಾಯಿತು ಅನ್ನುವಷ್ಟರಲ್ಲಿ ಮತ್ತೆ ರಕ್ತ. ಇದು ಬೇಸಲ್ ಸೆಲ್ ಎಂಬ ಕ್ಯಾನ್ಸರ್. ನಮ್ಮ ಚರ್ಮದಲ್ಲಿ ಇದು ಹೆಚ್ಚಾಗಿ ಕಪ್ಪಾಗಿಯೇ ಇರುವುದರಿಂದ ಮಚ್ಚೆ ಅಂದುಕೊಂಡು ವರ್ಷಗಟ್ಟಲೆ ಬಿಟ್ಟುಬಿಡುತ್ತಾರೆ. ಮೈಯಲ್ಲಿ ಬೇರೆ ಕಡೆ ಹರಡುವುದು ತೀರಾ ಕಡಿಮೆ. ಆದರೆ ಇದ್ದ ಜಾಗದಲ್ಲೇ ಮೂಗು, ರೆಪ್ಪೆಗಳನ್ನು ತಿನ್ನುತ್ತಾ ಹೋಗುತ್ತದೆ.

ಪ್ರಶ್ನೆ: ನಮ್ಮ ಅತ್ತೆಗೆ 72. ಸೀರೆ ಉಡುವ ಜಾಗದಲ್ಲಿ, ಸೊಂಟದ ಬಲಗಡೆ, ಒಂದೂವರೆ ವರ್ಷದಿಂದ ಹುಣ್ಣು. ಲಂಗದ ಲಾಡಿ ಬಿಗಿದು ಆದದ್ದು ಎಂದು ಕೊಬ್ಬರಿ ಎಣ್ಣೆ ಹಚ್ಚುತ್ತಾರೆ. ತೋರಿಸಿ ಎಂದರೆ ನಾಚಿಕೆ.
(ಸೊರಬದ ಸೊಸೆ)

ಉತ್ತರ: ಲಾಡಿ ಬಿಗಿದು ಆದದ್ದು ಎಂಬ ಅವರ ಮಾತು ಸರಿಯೇ ಇರಬಹುದು. ಅದಕ್ಕೇ ತೋರಿಸಬೇಕು. ಐವತ್ತು ವರ್ಷ ದಿನವೂ ಅದೇ ಗೆರೆಯ ಮೇಲೆ ಲಾಡಿ ಬಿಗಿದರೆ, ಬೆವರು ನಿಂತು, ಚರ್ಮ ಉಜ್ಜಿ, ಮೊದಲು ಕಪ್ಪಾಗುತ್ತದೆ, ಸಿಪ್ಪೆ ಏಳುತ್ತದೆ, ಬಿರಿಯುತ್ತದೆ. ಬಿರಿದು, ಮಾಯ್ದು, ಮತ್ತೆ ಬಿರಿಯುತ್ತಾ ಇದ್ದ ಜಾಗದಲ್ಲಿ ಯಾವತ್ತೋ ಒಂದು ದಿನ, ಎಲ್ಲೋ ಕೆಲವರಿಗೆ, ಸ್ಕ್ವಾಮಸ್ ಸೆಲ್ ಎಂಬ ಕ್ಯಾನ್ಸರ್ ಹುಟ್ಟುತ್ತದೆ.

ಇದು ಹೊಸ ಸುದ್ದಿಯೇನಲ್ಲ. 1945ರಲ್ಲೇ ಮುಂಬಯಿಯ ವೈದ್ಯ ವಸಂತ ಖಾನೋಲ್ಕರ್ ಮತ್ತು ಅವರ ಸಹೋದ್ಯೋಗಿ ಧೋತ್ರ ಬಿಗಿಯುವ ಸೊಂಟದ ಗೆರೆಯಲ್ಲಿ ಬರುವ ಕ್ಯಾನ್ಸರ್ ಬಗ್ಗೆ ಬರೆದಿದ್ದರು. 2024ರಲ್ಲಿ ಮಹಾರಾಷ್ಟ್ರ ಮತ್ತು ಬಿಹಾರದ ವೈದ್ಯರು ಸೀರೆ ಉಡುವ ಇಬ್ಬರು ವಯಸ್ಸಾದ ಹೆಂಗಸರ ಬಗ್ಗೆ ಬರೆದಾಗ ಪತ್ರಿಕೆಗಳಲ್ಲೆಲ್ಲ 'ಪೆಟಿಕೋಟ್ ಕ್ಯಾನ್ಸರ್' ಎಂದು ಬಂತು. ಸೀರೆಯದೇನೂ ತಪ್ಪಿಲ್ಲ, ತಪ್ಪೆಲ್ಲ ಬಿಗಿಯದ್ದು. ತೆಳ್ಳನೆ ಲಾಡಿ ಬದಲು ಅಗಲ ಪಟ್ಟಿ ಹೊಲಿಸಿ. ದಿನವೂ ಅದೇ ಜಾಗಕ್ಕೆ ಕಟ್ಟದೆ ಒಂದು ದಿನ ಬೆರಳು ಮೇಲೆ, ಒಂದು ದಿನ ಬೆರಳು ಕೆಳಗೆ ಕಟ್ಟಿ. ಮನೆಯಲ್ಲಿರುವಾಗ ಸಡಿಲ ಮಾಡಿ. ಗಂಡಸರ ಉಡಿದಾರಕ್ಕೂ ಇದೇ ಮಾತು.

ನಾಚಿಕೆಯ ವಿಷಯ. ಮಹಿಳಾ ಡಾಕ್ಟರೇ ಬೇಕೆಂದು ಆಸ್ಪತ್ರೆಯಲ್ಲಿ ಕೇಳಿ, ಕೊಡುತ್ತಾರೆ. ಸೀರೆ ಬಿಚ್ಚಬೇಕಾಗಿಲ್ಲ, ಸೊಂಟದ ಹತ್ತಿರ ನಾಲ್ಕು ಬೆರಳು ಸರಿಸಿದರೆ ಸಾಕು ಎಂದು ಅತ್ತೆಗೆ ಹೇಳಿ ನೋಡಿ. ಇದನ್ನು ಹೇಳಿದ ಮೇಲೆ ಒಪ್ಪಿದವರನ್ನು ನಾನು ನೋಡಿದ್ದೇನೆ.

ಪ್ರಶ್ನೆ: ಚಿಕ್ಕಂದಿನಲ್ಲಿ ಬಿಸಿನೀರು ಬಿದ್ದು ತೊಡೆ ಸುಟ್ಟಿತ್ತು. ಕಲೆ ಹಾಗೇ ಇದೆ. ಈಗ ನನಗೆ 50. ಆರು ತಿಂಗಳಿಂದ ಕಲೆಯ ನಡುವೆ ಬಿರುಕು ಬಿಟ್ಟು ಗಾಯವಾಗಿದೆ. ಮಾಯುತ್ತಿಲ್ಲ. ಸಕ್ಕರೆ ಕಾಯಿಲೆ ಇಲ್ಲ.
(ಸಾಗರ ತಾಲ್ಲೂಕಿನ ಕೃಷಿಕರು)

ಉತ್ತರ: ಇದಕ್ಕೆ ಉತ್ತರ ಬರೆಯುವ ಮೊದಲು ನನ್ನ ಅಜ್ಜನ ವಿಷಯ ಹೇಳಬೇಕು. ಅಜ್ಜ ಹತ್ತು ವರ್ಷದ ಹುಡುಗನಾಗಿದ್ದಾಗ ಅಡಿಕೆ ಬೇಯಿಸುವ ಹಂಡೆಯಿಂದ ಕುದಿಯುವ ಚೊಗರು ಮೊಣಕಾಲ ಕೆಳಗೆ ಬಿದ್ದಿತ್ತು. ಚರ್ಮ ಸುಲಿದು, ತಿಂಗಳುಗಟ್ಟಲೆ ಮಲಗಿ, ಕೊನೆಗೆ ಅಡಿಕೆ ಹಾಳೆಯ ಒಳಮೈಯಷ್ಟು ನುಣುಪಾದ ಬಿಳಿ ಕಲೆ ಉಳಿಯಿತು. ಐವತ್ತು ವರ್ಷ ಅದು ತಣ್ಣಗಿತ್ತು. ನಾನು ಮೆಡಿಕಲ್ ಎರಡನೇ ವರ್ಷದಲ್ಲಿದ್ದಾಗ ದೀಪಾವಳಿಗೆ ಊರಿಗೆ ಹೋದರೆ, ಜಗಲಿಯಲ್ಲಿ ಅಜ್ಜ ಕೂತಲ್ಲಿ ಒಂದು ವಾಸನೆ. ಪಂಚೆಯಿಂದ ಕಾಲು ಮುಚ್ಚಿಕೊಂಡಿದ್ದರು. ಸರಿಸಿ ನೋಡಿದೆ. ಕಲೆಯ ನಡುವೆ ಅಂಗೈಯಗಲದ ಹುಣ್ಣು. ಅಂಚು ಗಟ್ಟಿಯಾಗಿ ಎದ್ದಿತ್ತು. ಒಳಗೆ ಹೂಕೋಸಿನ ಹಾಗೆ ಮಾಂಸ. ಪೇಟೆಯ ಡಾಕ್ಟರೊಬ್ಬರು ಎಂಟು ತಿಂಗಳಿಂದ ಮುಲಾಮು ಬದಲಿಸುತ್ತಾ ಇದ್ದರು. ಅವರನ್ನು ಬೈದು ಏನು ಪ್ರಯೋಜನ? ಆ ದಿನ ನಾನು ಹೇಳಿದ್ದೂ 'ದಿನಾ ಡ್ರೆಸ್ಸಿಂಗ್ ಮಾಡಿಸಿಕೊಳ್ಳಿ ಅಜ್ಜ' ಎಂದೇ. ಪರೀಕ್ಷೆಗೆ ಓದಬೇಕಿತ್ತು, ಬಸ್ ಹತ್ತಿ ಹೊರಟುಬಿಟ್ಟೆ.

ಸಂಕ್ರಾಂತಿ ಹೊತ್ತಿಗೆ ತೊಡೆಸಂದಿಯಲ್ಲಿ ಗಂಟು ಬಂತು. ಆಮೇಲೆ ಬಯಾಪ್ಸಿ, ಆಮೇಲೆ ಮೊಣಕಾಲ ಕೆಳಗೆ ಕಾಲು ತೆಗೆದರು, ತೊಡೆಸಂದಿಯ ಗಂಟುಗಳನ್ನೂ ತೆಗೆದರು. ಅಜ್ಜನ ಆಯಸ್ಸು ಗಟ್ಟಿ. ಜೈಪುರ ಕಾಲು ಹಾಕಿಕೊಂಡು ಇನ್ನೂ ಹನ್ನೊಂದು ವರ್ಷ ಅಂಗಳದಲ್ಲಿ ಅಡಿಕೆ ಹರಡಿದರು. ನಾನು ಚರ್ಮದ ವಿಭಾಗ ತೆಗೆದುಕೊಂಡದ್ದು ಯಾಕೆ ಎಂದು ಕೇಳುವವರಿಗೆ ಇದನ್ನು ಹೇಳುವುದಿಲ್ಲ. ಮೊದಲ ಸಲ ಬರೆಯುತ್ತಿದ್ದೇನೆ.

ಹಳೆಯ ಕಲೆಯಲ್ಲಿ ಏಳುವ ಇಂಥ ಹುಣ್ಣನ್ನು ಫ್ರಾನ್ಸಿನ ಸರ್ಜನ್ ಮಾರ್ಜೋಲಿನ್ 1828ರಲ್ಲೇ ವಿವರಿಸಿದ್ದರು. ಇವತ್ತಿಗೂ ಅವರ ಹೆಸರಲ್ಲೇ ಕರೆಯುತ್ತಾರೆ. ಸುಟ್ಟ ದಿನದಿಂದ ಕ್ಯಾನ್ಸರ್ ಆಗುವ ತನಕ ಹೆಚ್ಚುಕಮ್ಮಿ 30 ವರ್ಷವೇ ಬೇಕಾಗುತ್ತದೆ. ಹಾಗಾಗಿ ಎರಡನ್ನೂ ಜೋಡಿಸಿ ನೋಡಲು ಯಾರಿಗೂ ಹೊಳೆಯುವುದಿಲ್ಲ. ಕುಷ್ಠ ವಾಸಿಯಾದವರ ಅಂಗಾಲಿನ ಹಳೆಯ ಹುಣ್ಣಿನಲ್ಲೂ, ವರ್ಷಗಟ್ಟಲೆ ಮಾಯದ ಯಾವುದೇ ಗಾಯದಲ್ಲೂ ಇದು ಆಗಬಹುದು. ಬಿಳಿಯರ ದೇಶದ ಪುಸ್ತಕದಲ್ಲಿ ಸ್ಕ್ವಾಮಸ್ ಕ್ಯಾನ್ಸರ್ ಅಂದರೆ ಬಿಸಿಲು. ನಮ್ಮಲ್ಲಿ ಬಿಸಿಲಿಗಿಂತ ಹಳೆಯ ಗಾಯವನ್ನೇ ಜಾಸ್ತಿ ಅನುಮಾನಿಸಬೇಕು.

ನೀವು ಈ ವಾರವೇ ಹೊರಡಿ. ಹುಣ್ಣಿನ ನಡುವಿನಿಂದ ಮಾತ್ರ ತೆಗೆದರೆ ಸಾಲದು, ಅಂಚಿನಿಂದಲೂ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರಾ ಎಂದು ಕೇಳಿ. ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಬರೀ ಬಿರುಕು ಎಂದು ವರದಿ ಬಂದರೆ ನನಗಿಂತ ಖುಷಿಪಡುವವರಿಲ್ಲ.

ಬೆಂಕಿಯ ವಿಷಯಕ್ಕೆ ಸೇರಿದ ಇನ್ನೊಂದು ಪತ್ರ ಕೊಪ್ಪದಿಂದ ಬಂದಿದೆ. ಮಳೆಗಾಲದಲ್ಲಿ ಬಚ್ಚಲೊಲೆ ಮುಂದೆ ಕೂತು ಕಾಲು ಕಾಸುವ ಅಮ್ಮಮ್ಮನ ಕಣಕಾಲ ಮೇಲೆ ಬಲೆಯಂತೆ ಕಂದು ಗೆರೆಗಳು ಮೂಡಿವೆಯಂತೆ. ಅದು ದಿನವೂ ಕಾವು ತಿಂದ ಚರ್ಮದ ಗುರುತು. ಕಾಶ್ಮೀರದಲ್ಲಿ ಚಳಿಗೆ ಕಾಂಗ್ರಿ ಎಂಬ ಕೆಂಡದ ಬುಟ್ಟಿಯನ್ನು ಅಂಗಿಯೊಳಗೆ ಇಟ್ಟುಕೊಳ್ಳುವವರ ಹೊಟ್ಟೆ, ತೊಡೆಗಳಲ್ಲಿ ಇಂಥದೇ ಗುರುತು ಬಂದು, ಕೆಲವರಿಗೆ ಕ್ಯಾನ್ಸರ್ ಆದದ್ದು ಬಹಳ ಹಿಂದೆಯೇ ಗೊತ್ತಾಗಿದೆ. ಅಮ್ಮಮ್ಮನನ್ನು ಒಲೆಯಿಂದ ಎಬ್ಬಿಸಬೇಡಿ, ಮಣೆಯನ್ನು ಎರಡು ಮಾರು ಹಿಂದೆ ಹಾಕಿ. ಆ ಬಲೆಯ ನಡುವೆ ಗಂಟು ಅಥವಾ ಹುಣ್ಣು ಬಂದರೆ ಮಾತ್ರ ತೋರಿಸಿ.

ಪ್ರಶ್ನೆ: ಇಪ್ಪತ್ತೈದು ವರ್ಷದಿಂದ ಪ್ರತಿ ಮಳೆಗಾಲ ಕೊಳೆ ಔಷಧಿ ಹೊಡೆಯುತ್ತೇನೆ. ಮೈಯೆಲ್ಲ ನೀಲಿ. ಕೈ ಒರಟಾಗಿ ಬಿರಿಯುತ್ತದೆ. ಮುಂದೆ ಕ್ಯಾನ್ಸರ್ ಆಗುತ್ತದಾ?
(ಶೃಂಗೇರಿ ಕಡೆಯ ಕೊನೆಗಾರರು)

ಉತ್ತರ: ಅಡಿಕೆಯ ಕೊಳೆರೋಗಕ್ಕೆ ನೀವು ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಇರುವುದು ಮೈಲುತುತ್ತ, ಸುಣ್ಣ, ನೀರು. ಚರ್ಮದ ಕ್ಯಾನ್ಸರ್ ತರುತ್ತದೆ ಎಂದು ಗೊತ್ತಿರುವ ವಸ್ತುಗಳಲ್ಲಿ ಮೈಲುತುತ್ತ ಇಲ್ಲ. ನಿಮ್ಮ ಕೈ ಬಿರಿಯುವುದಕ್ಕೆ ಸುಣ್ಣ, ತುತ್ತ ಎರಡೂ ಕಾರಣ. ಕಲಸುವಾಗ ಬರಿಗೈ ಹಾಕಬೇಡಿ, ರಬ್ಬರ್ ಗ್ಲೌಸ್ ಹಾಕಿ. ಕಣ್ಣಿಗೆ ಕನ್ನಡಕ. ಕೆಲಸ ಮುಗಿದ ಮೇಲೆ ಸಾಬೂನಿನಲ್ಲಿ ತೊಳೆದು, ಕೈ ಪೂರ್ತಿ ಆರುವ ಮೊದಲೇ ಕೊಬ್ಬರಿ ಎಣ್ಣೆ ಹಚ್ಚಿ.

ಅಂಗೈಯಲ್ಲಿ ಕೆಟ್ಟದ್ದು ಮಾಡುವ ವಿಷ ಬೇರೆ. ಅದು ಆರ್ಸೆನಿಕ್. ಪಶ್ಚಿಮ ಬಂಗಾಳದಲ್ಲಿ ಕೊಳವೆಬಾವಿ ನೀರಿನಲ್ಲಿ ಅದನ್ನು ವರ್ಷಗಟ್ಟಲೆ ಕುಡಿದವರಿಗೆ ಮೈಮೇಲೆ ಮಳೆಹನಿ ಸಿಡಿದಂಥ ಚುಕ್ಕೆ, ಅಂಗೈ ಅಂಗಾಲಲ್ಲಿ ಗಟ್ಟಿ ಕಾಳುಗಳು, ಆಮೇಲೆ ಕ್ಯಾನ್ಸರ್ ಬಂದಿವೆ. ಆರ್ಸೆನಿಕ್ ಇದ್ದ ಔಷಧಿ ಹೊಡೆಯುತ್ತಿದ್ದ ಜರ್ಮನಿಯ ದ್ರಾಕ್ಷಿ ತೋಟದವರಿಗೂ ಹಿಂದೆ ಹೀಗೇ ಆಗಿತ್ತು. ನಿಮ್ಮ ಕೈಯ ಒರಟಿಗೂ ಇದಕ್ಕೂ ಸಂಬಂಧವಿಲ್ಲ.

ಅಡಿಕೆ ಮರ ಹತ್ತುವವರಿಗೆ ನಾನು ಕೇಳುವ ಪ್ರಶ್ನೆ ಬೇರೆ: ಎಲೆಯಡಿಕೆ ಕವಳ ಎಷ್ಟು ಹಾಕುತ್ತೀರಿ? 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನೇ, ತಂಬಾಕು ಸೇರದಿದ್ದರೂ, ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಅದು ಬಾಯಿಯ ಕ್ಯಾನ್ಸರಿನ ಮಾತು, ಚರ್ಮದ್ದಲ್ಲ. ಅಡಿಕೆ ಊರಲ್ಲಿ ಕೂತು ಇದನ್ನು ಬರೆದದ್ದಕ್ಕೆ ಮುಂದಿನ ತಿಂಗಳು ಬೈಗುಳದ ಪತ್ರಗಳು ಬರುತ್ತವೆ, ಬರಲಿ.

ಪ್ರಶ್ನೆ: ಉಂಬಳ ಕಚ್ಚಿದ ಜಾಗ ಎರಡು ತಿಂಗಳಾದರೂ ತುರಿಸುತ್ತಿದೆ. ಗಂಟಾಗಿದೆ. (ಆಗುಂಬೆ)

ಉತ್ತರ: ಕ್ಯಾನ್ಸರ್ ಅಲ್ಲ. ಕೆಲವರ ಮೈ ಉಂಬಳದ ಜೊಲ್ಲಿಗೆ ಹಾಗೆ ಹಟ ಹಿಡಿಯುತ್ತದೆ. ಕೆರೆಯುವುದು ನಿಲ್ಲಿಸಿ. ಆಗದಿದ್ದರೆ ತೋರಿಸಿ, ಹಚ್ಚಲು ಔಷಧಿ ಇದೆ.

ಪ್ರಶ್ನೆ: ಕತ್ತಿ ತಾಗಿಸಿದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತದೆ ಎಂದು ನಮ್ಮ ಮನೆಯವರು ಬಯಾಪ್ಸಿಗೆ ಒಪ್ಪುತ್ತಿಲ್ಲ. ಖರ್ಚೂ ಎಷ್ಟೋ ಎಂಬ ಹೆದರಿಕೆ.
(ಭದ್ರಾವತಿ)

ಉತ್ತರ: ಈ ಮಾತು ಹುಟ್ಟಿದ್ದು ಹೇಗೆ ಅಂದರೆ, ರೋಗ ಹರಡಿದ ಮೇಲೆ ಬಂದವರಿಗೆ ಬಯಾಪ್ಸಿ ಮಾಡುತ್ತಿದ್ದರು. ಅವರು ಮೂರು ತಿಂಗಳಲ್ಲಿ ತೀರಿಕೊಂಡರೆ ಊರಿಗೆ ಕಂಡದ್ದು ಕತ್ತಿ ಮಾತ್ರ. ಚರ್ಮದ ಬಯಾಪ್ಸಿಯಿಂದ ಕ್ಯಾನ್ಸರ್ ಹರಡುವುದಿಲ್ಲ. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಮೂರು ನಾಲ್ಕು ಮಿಲಿಮೀಟರ್ ಅಗಲದ ಒಂದು ಚೂರು ತೆಗೆದು, ಒಂದೆರಡು ಹೊಲಿಗೆ ಹಾಕುತ್ತೇವೆ. ನೋವು ಅಂದರೆ ಆ ಇಂಜೆಕ್ಷನ್ನಿನದ್ದೇ. ಕಾಫಿ ಕುಡಿದು ಬಸ್ಸಲ್ಲಿ ಮನೆಗೆ ಹೋಗಬಹುದು.

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಚರ್ಮ ವಿಭಾಗಕ್ಕೆ ಹೋಗಿ. ಕ್ಯಾನ್ಸರ್ ಎಂದು ಬಂದು, ದೊಡ್ಡ ಚಿಕಿತ್ಸೆ ಬೇಕಾದರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕದ ಚಿಕಿತ್ಸೆ ಸಿಗುತ್ತದೆ. ಹೋಗುವಾಗ ಆಧಾರ್, ರೇಷನ್ ಕಾರ್ಡ್ ಎರಡನ್ನೂ ಇಟ್ಟುಕೊಳ್ಳಿ. ಇಲ್ಲದಿದ್ದರೆ ಇನ್ನೊಂದು ದಿನದ ಬಸ್ ಚಾರ್ಜು ದಂಡ.

ಪ್ರಶ್ನೆ: ಸನ್‌ಸ್ಕ್ರೀನ್ ಹಚ್ಚದಿದ್ದರೆ ಕ್ಯಾನ್ಸರ್ ಬರುತ್ತಾ? ಆರು ತಿಂಗಳು ಮಳೆ ಬರುವ ನಮ್ಮೂರಲ್ಲೂ ಹಚ್ಚಬೇಕಾ?
(ಶಿವಮೊಗ್ಗದ ಕಾಲೇಜು ವಿದ್ಯಾರ್ಥಿನಿ)

ಉತ್ತರ: ಮೋಡ ಇದ್ದರೂ ಸೂರ್ಯನ ಅತಿನೇರಳೆ ಕಿರಣ ಕೆಳಗೆ ಬರುತ್ತದೆ, ಅದು ನಿಜ. ಹಾಗೆಂದು ನಿನ್ನಂಥ ಕಂದು ಚರ್ಮದ ಹುಡುಗಿ ಸನ್‌ಸ್ಕ್ರೀನ್ ತಪ್ಪಿಸಿದ ಒಂದು ದಿನಕ್ಕೆ ಕ್ಯಾನ್ಸರಿಗೆ ಹೆದರಬೇಕಿಲ್ಲ. ಬಂಗು, ಕಲೆ ತಡೆಯಲು ಹಚ್ಚು. ಎಸ್‌ಪಿಎಫ್ (ಬಿಸಿಲು ತಡೆಯುವ ಶಕ್ತಿಯ ಅಂಕಿ) 30 ಸಾಕು, 50ಕ್ಕೂ ಅದಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ಮುಖ, ಕುತ್ತಿಗೆಗೆ ಎರಡು ಬೆರಳಿನುದ್ದ ಬೇಕು. ಕಡಲೆಯಷ್ಟು ಹಚ್ಚಿ 50 ಹಚ್ಚಿದೆ ಅಂದರೆ ಲೆಕ್ಕಕ್ಕಿಲ್ಲ. ಹೊರಗೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಗದ್ದೆ ಕೆಲಸದವರಿಗೆ ನಾನು ಕ್ರೀಮ್ ಬರೆದುಕೊಡುವುದಿಲ್ಲ, ಅಗಲ ಅಂಚಿನ ಟೋಪಿ, ತುಂಬು ತೋಳಿನ ಅಂಗಿ ಹೇಳುತ್ತೇನೆ. ನಮ್ಮ ಹಾಳೆ ಟೋಪಿ ತಲೆಗೆ ತಂಪು, ಆದರೆ ಕಿವಿ ಮುಚ್ಚುವುದಿಲ್ಲ.

ಸನ್‌ಸ್ಕ್ರೀನ್ ನಿಜಕ್ಕೂ ಜೀವ ಉಳಿಸುವುದು ಆಲ್ಬಿನಿಸಂ ಇರುವ ಮಕ್ಕಳಿಗೆ. ಹುಟ್ಟಿನಿಂದಲೇ ಕೂದಲು, ರೆಪ್ಪೆ, ಮೈ ಎಲ್ಲ ಬಿಳಿ ಇರುವವರು. ಅವರ ಚರ್ಮಕ್ಕೆ ತನ್ನದೇ ಕೊಡೆ ಇಲ್ಲ. ಇಪ್ಪತ್ತು ಮೂವತ್ತರಲ್ಲೇ ಕ್ಯಾನ್ಸರ್ ಬರುವುದುಂಟು. ಶಾಲೆಯಲ್ಲಿ ಅಂಥ ಮಗುವನ್ನು ಪಿ.ಟಿ. ಪೀರಿಯಡ್‌ಗೆ ಬಿಸಿಲಲ್ಲಿ ನಿಲ್ಲಿಸಬೇಡಿ ಎಂದು ಮೇಷ್ಟ್ರುಗಳಿಗೆ ನನ್ನ ವಿನಂತಿ. ತೊನ್ನು ಬೇರೆ, ಅದನ್ನೂ ಇದನ್ನೂ ಒಂದೇ ಮಾಡಬೇಡಿ. ತೊನ್ನು ಕ್ಯಾನ್ಸರ್ ಅಲ್ಲ, ಅಂಟುರೋಗವೂ ಅಲ್ಲ.

ಪ್ರಶ್ನೆ: ಅಂಗಾಲು ನೋಡಿಕೊಳ್ಳಿ ಎಂದು ನೀವು ರೇಡಿಯೋದಲ್ಲೂ ಹೇಳಿದ್ದಿರಿ. ನನಗೆ 74. ಮಂಡಿ ಮಡಿಸಲು ಆಗದು. ಮನೆಯಲ್ಲಿ ಒಬ್ಬನೇ. ಮಕ್ಕಳು ಬೆಂಗಳೂರಲ್ಲಿ. ನಾನು ಹೇಗೆ ನೋಡಿಕೊಳ್ಳಲಿ?
(ನಗರ ಹೋಬಳಿ)

ಉತ್ತರ: ಗಡ್ಡ ಹೆರೆಯುವ ಕನ್ನಡಿ ಇದೆಯಲ್ಲ, ಅದನ್ನು ನೆಲದ ಮೇಲೆ ಮಲಗಿಸಿ. ಜಗಲಿ ಕಟ್ಟೆಯ ಮೇಲೆ ಕೂತು ಕಾಲನ್ನು ಕನ್ನಡಿಯ ಮೇಲೆ ಒಂದು ಗೇಣು ಎತ್ತಿ ಹಿಡಿಯಿರಿ. ಬೆಳಿಗ್ಗೆ ಹತ್ತು ಗಂಟೆಯ ಬೆಳಕಿರಲಿ. ಹಿಮ್ಮಡಿ, ನಡುಭಾಗ, ಬೆರಳ ಸಂದು. ಸ್ನಾನ ಮಾಡಿ ಬಂದ ಮೇಲೆ ನೋಡಿ, ಇಲ್ಲದಿದ್ದರೆ ತೋಟದ ಮಣ್ಣಿಗೂ ಮಚ್ಚೆಗೂ ವ್ಯತ್ಯಾಸ ಸಿಗುವುದಿಲ್ಲ. ತಿಂಗಳಿಗೊಮ್ಮೆ, ಅಮಾವಾಸ್ಯೆಗೋ ಪೆನ್ಷನ್ ಬರುವ ದಿನಕ್ಕೋ ಇಟ್ಟುಕೊಂಡರೆ ಮರೆಯುವುದಿಲ್ಲ.

ಏನಾದರೂ ಕಂಡರೆ ಪಕ್ಕದ ಮನೆ ಹುಡುಗನ ಕೈಲಿ ಫೋಟೊ ತೆಗೆಸಿ. ಕಲೆಯ ಪಕ್ಕ ಒಂದು ರೂಪಾಯಿ ನಾಣ್ಯ ಇಟ್ಟು ತೆಗೆಸಿ, ಬೆಳೆದಿದೆಯಾ ಎಂದು ಮುಂದಿನ ತಿಂಗಳು ಗೊತ್ತಾಗುತ್ತದೆ. ನನಗೆ ವಾಟ್ಸಾಪಿನಲ್ಲಿ ಬರುವ ಫೋಟೊಗಳಲ್ಲಿ ಅರ್ಧಕ್ಕರ್ಧ ಮಸುಕು, ಅದರಲ್ಲಿ ನಾನು ಏನೂ ಹೇಳಲಾರೆ. ಬೆಳೆದಿದ್ದರೆ, ಅಥವಾ ಒಂದು ತಿಂಗಳು ಕಳೆದರೂ ಮಾಯದ ಗಾಯ ಇದ್ದರೆ, ಮಗನಿಗೆ ಫೋನ್ ಮಾಡಿ ಶನಿವಾರ ಬಾ ಅನ್ನಿ. ಸುಮ್ನೆ ತೊಂದರೆ ಕೊಡುವುದು ಬೇಡ ಎಂದು ಯುಗಾದಿ ತನಕ ಕಾಯಬೇಡಿ.